ಬಾಣಂತಿ ಕೋಣೆಯ ಹೊಗೆ

ಮೈಸೂರು, ಮಂಡ್ಯದ ಕಡೆ ಎಷ್ಟೋ ಮನೆಗಳಲ್ಲಿ ಬಾಣಂತಿ ಕೋಣೆಯ ಕಿಟಕಿ ತೆಗೆಯುವುದಿಲ್ಲ. ಮಗುವಿಗೆ ನೀರು ಹಾಕಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ ತಲೆಗೆ ಹೊಗೆ ಹಿಡಿಯುತ್ತಾರೆ. ಸಂಜೆಗೆ ಊದಿನಕಡ್ಡಿ ಬೇರೆ.

ಊದಿನಕಡ್ಡಿಯೆಂದರೆ ಬಿದಿರು ಕಡ್ಡಿ, ಇದ್ದಿಲ ಪುಡಿ, ಅಂಟಿಗೆ ಜಿಗಟು, ಮೇಲೆ ಸುಗಂಧ. ಸುಗಂಧ ತೆಳುವಾಗಲೆಂದು ಡೈಈಥೈಲ್ ಥ್ಯಾಲೇಟ್ ಎಂಬ ರಾಸಾಯನಿಕ ದ್ರವ ಬೆರೆಸುವುದೂ ಉಂಟು. ಕಡ್ಡಿ ಧಗಧಗ ಉರಿಯುವುದಿಲ್ಲ, ಒಳಗೊಳಗೇ ಕನಲುತ್ತದೆ. ಹೀಗೆ ಅರೆಬರೆ ಸುಟ್ಟಾಗಲೇ ಕಾರ್ಬನ್ ಮಾನಾಕ್ಸೈಡ್, ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ವಿಷಾನಿಲ ಹೊರಬೀಳುವುದು. ಅಸಲಿ ಗಂಧದ್ದಾದರೂ ಹೊಗೆ ಹೊಗೆಯೇ.

ಅಳತೆ ಮಾಡಿದವರ ಪ್ರಕಾರ 1 ಗ್ರಾಂ ಊದಿನಕಡ್ಡಿ ಸುಟ್ಟರೆ ಸುಮಾರು 45 ಮಿಲಿಗ್ರಾಂ ಕಣ ಏಳುತ್ತದೆ. ಸಿಗರೇಟಿನಲ್ಲಿ ಇದು ಸುಮಾರು 10. ಉದ್ದ, ಅಗಲ, ಎತ್ತರ ಹತ್ತತ್ತು ಅಡಿಯಿರುವ ಕೋಣೆಯಲ್ಲಿ 28 ಘನ ಮೀಟರ್ ಗಾಳಿಯಿದೆ. ಎಲ್ಲ ಕಣವೂ ಅಲ್ಲೇ ಉಳಿದರೆ ಘನ ಮೀಟರಿಗೆ 1,600 ಮೈಕ್ರೋಗ್ರಾಂ. ಹತ್ತರಲ್ಲಿ ಒಂಬತ್ತು ಪಾಲು ಹೊರಹೋದರೂ 160 ಉಳಿಯಿತು. ಸಣ್ಣ ಕಣಗಳಿಗೆ ನಮ್ಮ ದೇಶದ ಮಿತಿ, 24 ಗಂಟೆಗಳ ಸರಾಸರಿಯಲ್ಲಿ, 60.

ಈ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಚಿಕ್ಕವು, ಮೂಗಿನ ರೋಮಕ್ಕೆ ಸಿಗುವುದಿಲ್ಲ. ತೂಕಕ್ಕೆ ಹೋಲಿಸಿದರೆ ಕೂಸು ನಮಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ತಲೆಗೆ ಹಿಡಿದ ಹೊಗೆ ಹೋಗುವುದು ಅದರ ಮೂಗಿಗೇ. ಕೂದಲು ಆರಬೇಕಾದರೆ ಒಣ ಬಟ್ಟೆ ಸಾಕು.

ಹೊಗೆಗಿಂತ ಕೆಟ್ಟದ್ದು ಕೆಂಡ. ಇದ್ದಿಲ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಸಾಂಬ್ರಾಣಿಯ ಹೊಗೆ ಕರಗಿತೆಂದು ಬಾಗಿಲು ಮುಚ್ಚಿ ಕೆಂಡವನ್ನು ಮೂಲೆಯಲ್ಲೇ ಬಿಡುವುದು ಅಪಾಯ. ನೀರು ಕಾಯಿಸಿದ ಕೆಂಡಕ್ಕೂ ಇದೇ ಮಾತು.

ಬಿಡಲಾಗದಿದ್ದರೆ ಧೂಪವನ್ನು ಹಜಾರದಲ್ಲಿ, ಎದುರುಬದುರು ಕಿಟಕಿ ತೆಗೆದು, ತಾಯಿ-ಮಗು ಬೇರೆ ಕೋಣೆಯಲ್ಲಿರುವಾಗ ಹಾಕಿ. ಆಮೇಲೆ ಕೆಂಡವನ್ನು ಅಂಗಳಕ್ಕೊಯ್ದು ನೀರು ಹೊಯ್ಯಿರಿ. ದೇವರಿಗೆ ಹಚ್ಚಿದ ಕಡ್ಡಿಯನ್ನು ಮಂಗಳಾರತಿಯಾದ ಕೂಡಲೇ ಮರಳಿಗೆ ಚುಚ್ಚಿ ಆರಿಸಬಹುದು.

ಬಾಣಂತಿಗೆ ತಲೆನೋವು, ವಾಕರಿಕೆ, ಮಂಪರು ಕಂಡರೆ ಮೊದಲು ಇಬ್ಬರನ್ನೂ ಬಯಲಿಗೆ ಕರೆತನ್ನಿ, ಆಮೇಲೆ 108ಕ್ಕೆ ಫೋನ್ ಮಾಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ: ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕ ಹೊತ್ತದ್ದೆಂದೇ ಎಣಿಸುತ್ತದೆ. ರಕ್ತ ಪರೀಕ್ಷೆಯೇ ಆಗಬೇಕು. ಕೆಂಡವಿದ್ದ ಕೋಣೆಯಲ್ಲಿದ್ದರೆಂದು ವೈದ್ಯರಿಗೆ ತಪ್ಪದೆ ಹೇಳಿ.