ಫ್ರಿಜ್ ಗ್ಯಾಸ್ ಮತ್ತು ಆಕಾಶದ ಕಿಟಕಿ

1975ರ ಅಕ್ಟೋಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಮೂರೇ ಪುಟದ ಒಂದು ಪ್ರಬಂಧ ಬಂತು. ಬರೆದವರು ಹವಾಮಾನ ವಿಜ್ಞಾನಿ ವೀರಭದ್ರನ್ ರಾಮನಾಥನ್. ಆಗಿನ್ನೂ ಅವರಿಗೆ 31 ತುಂಬಿರಲಿಲ್ಲ. ಫ್ರಿಜ್‌ಗಳಲ್ಲಿ ಆಗ ಬಳಸುತ್ತಿದ್ದ ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ಗ್ಯಾಸ್ ಗಾಳಿಗೆ ಸೇರಿದರೆ ಭೂಮಿ ಬಿಸಿಯಾಗುತ್ತದೆ, ಅದರ ಒಂದು ಅಣು ಸುಮಾರು 10,000 ಇಂಗಾಲದ ಡೈಆಕ್ಸೈಡ್ ಅಣುಗಳಿಗೆ ಸಮ ಅನ್ನುವುದು ಅದರ ತಿರುಳು. ಬಿಸಿಯ ಕಾರಣಕ್ಕೇ ಫ್ರಿಜ್, ಎಸಿ ಗ್ಯಾಸ್‌ಗಳನ್ನು ಕಡಿಮೆ ಮಾಡೋಣ ಅಂತ ಪ್ರಪಂಚದ ದೇಶಗಳೆಲ್ಲ ಸೇರಿ ಒಪ್ಪಿದ್ದು ಯಾವಾಗ ಗೊತ್ತಾ? 2016ರಲ್ಲಿ.

ರಾಮನಾಥನ್ ಹುಟ್ಟಿದ್ದು ಮಧುರೈನಲ್ಲಿ. 11ನೇ ವಯಸ್ಸಿಗೆ ಬೆಂಗಳೂರಿಗೆ ಬಂದರು. ತಮಿಳಿನಲ್ಲಿ ಓದುತ್ತಿದ್ದ ಹುಡುಗನಿಗೆ ಇಲ್ಲಿ ಇಂಗ್ಲಿಷ್ ಪಾಠ ತಲೆಗೆ ಹತ್ತಲಿಲ್ಲ. ಮೇಷ್ಟ್ರು ಹೇಳುವುದನ್ನು ಕೇಳುವ ಅಭ್ಯಾಸವೇ ಹೋಯಿತು, ಎಲ್ಲವನ್ನೂ ತಾನೇ ಯೋಚಿಸಿ ತಿಳಿದುಕೊಳ್ಳಬೇಕಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಒಂದು ಫ್ರಿಜ್ ಕಂಪನಿಗೆ ಸೇರಿದರು. ಅಲ್ಲಿ ಅವರ ಕೆಲಸ ಫ್ರಿಜ್‌ನಿಂದ ಗ್ಯಾಸ್ ಸೋರದಂತೆ ನೋಡಿಕೊಳ್ಳುವುದು. ಸೋರಿದ ಗ್ಯಾಸ್ ಎಲ್ಲಿಗೆ ಹೋಗುತ್ತೆ ಅಂತ ಆಗ ಯಾರೂ ಕೇಳುತ್ತಿರಲಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ವಿಷವಲ್ಲ. ಹೋದರೆ ಹೋಯಿತು, ಅಷ್ಟೇ.

ಆಮೇಲೆ ಮತ್ತೆ ಬೆಂಗಳೂರು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಓದು. ಅಲ್ಲಿಂದ ಅಮೆರಿಕದ ಸ್ಟೋನಿ ಬ್ರೂಕ್. ಎಂಜಿನಿಯರಿಂಗ್‌ನಲ್ಲೇ ಮುಂದುವರಿಯುವ ಆಸೆಯಿತ್ತು. ಆದರೆ ಮಾರ್ಗದರ್ಶಕ ರಾಬರ್ಟ್ ಸೆಸ್ ಅಷ್ಟರಲ್ಲಿ ಎಂಜಿನಿಯರಿಂಗ್ ಬಿಟ್ಟು ಶುಕ್ರ, ಮಂಗಳ ಗ್ರಹಗಳ ಗಾಳಿಯ ಬೆನ್ನು ಹತ್ತಿದ್ದರು. ಶಿಷ್ಯನೂ ಅದನ್ನೇ ಕಲಿಯಬೇಕಾಯಿತು. ಅದೃಷ್ಟ ಅಂದರೆ ಇದೇ ಅಲ್ವಾ? ಯಾವ ಅಣು ಶಾಖದ ಯಾವ ತರಂಗವನ್ನು ಎಷ್ಟು ಹೀರುತ್ತದೆ ಅನ್ನುವ ಲೆಕ್ಕ ಅಲ್ಲಿ ಕೈಗೆ ಪಳಗಿತು.

1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲಂಡ್, ಸಿಎಫ್‌ಸಿ ಓಝೋನ್ ಪದರವನ್ನು ಹಾಳು ಮಾಡುತ್ತದೆ ಅಂತ ತೋರಿಸಿದರು. ಆ ಗ್ಯಾಸ್ ರಾಮನಾಥನ್‌ಗೆ ಹಳೇ ಪರಿಚಯ. ಅವರು ಕೇಳಿದ ಪ್ರಶ್ನೆ ಬೇರೆ: ಇದು ಶಾಖವನ್ನು ಹೀರುತ್ತದಾ?

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಬಿಸಿಲಿಗೆ ಕಾದ ನೆಲ ಆ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ಆಕಾಶಕ್ಕೆ ಬಿಡುತ್ತದೆ. ಇಂಗಾಲದ ಡೈಆಕ್ಸೈಡ್ ಮುಖ್ಯವಾಗಿ 15 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಆಸುಪಾಸಿನ ತರಂಗವನ್ನು ಹಿಡಿಯುತ್ತದೆ. ಅಲ್ಲಿ ಅದು ಆಗಲೇ ಎಷ್ಟು ತುಂಬಿದೆ ಅಂದರೆ, ಇನ್ನೊಂದು ಅಣು ಬಂದರೂ ಹಿಡಿಯಲು ಉಳಿದಿರುವುದು ಕಡಿಮೆ. 8ರಿಂದ 12 ಮೈಕ್ರಾನ್ ನಡುವೆ ಕಥೆ ಬೇರೆ. ಅಲ್ಲಿ ನೀರಾವಿಯಾಗಲಿ ಇಂಗಾಲದ ಡೈಆಕ್ಸೈಡ್ ಆಗಲಿ ಹೆಚ್ಚು ಅಡ್ಡ ಬರುವುದಿಲ್ಲ, ಶಾಖ ನೇರವಾಗಿ ಹೊರಗೆ ಹೋಗುತ್ತದೆ. ವಿಜ್ಞಾನಿಗಳು ಇದನ್ನು ವಾತಾವರಣದ ಕಿಟಕಿ ಅನ್ನುತ್ತಾರೆ. ಸಿಎಫ್‌ಸಿಯಲ್ಲಿ ಇಂಗಾಲಕ್ಕೆ ಅಂಟಿಕೊಂಡ ಫ್ಲೋರಿನ್ ಮತ್ತು ಕ್ಲೋರಿನ್ ಕಂಪಿಸುವುದು ಸರಿಯಾಗಿ ಈ ಕಿಟಕಿಯ ತರಂಗಗಳಲ್ಲೇ. ಹಾಗಾಗಿ ಗಾಳಿಯ ನೂರು ಕೋಟಿ ಅಣುಗಳಲ್ಲಿ ಒಂದೆರಡು ಇದ್ದರೂ ಸಾಕು, ಪರಿಣಾಮ ಲೆಕ್ಕಕ್ಕೆ ಬರುತ್ತದೆ.

ಓಝೋನ್ ಸುದ್ದಿಯ ಗದ್ದಲದಲ್ಲಿ ಈ ಮಾತು ಹಿಂದೆ ಬಿತ್ತು. 1985ರಲ್ಲಿ ಅಂಟಾರ್ಕ್ಟಿಕದ ಓಝೋನ್ ರಂಧ್ರ ಬಯಲಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು, ಸಿಎಫ್‌ಸಿಗೆ ಕಡಿವಾಣ ಬಿತ್ತು. ಹವಾಮಾನಕ್ಕೆ ಸಿಕ್ಕ ಲಾಭ ಸುಮ್ನೆ ಜೊತೆಗೆ ಬಂದದ್ದು. ಆದರೂ ಅದು ಹವಾಮಾನಕ್ಕಾಗಿಯೇ ಮಾಡಿಕೊಂಡ ಕ್ಯೋಟೊ ಒಪ್ಪಂದದ ಗುರಿಗಿಂತ ದೊಡ್ಡದು ಅಂತ 2007ರ ಒಂದು ಅಧ್ಯಯನ ಲೆಕ್ಕ ಹಾಕಿತು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ತಮಾಷೆ ಇದೇ.

ಎಡವಟ್ಟೂ ಇಲ್ಲೇ ಆಯಿತು. ಸಿಎಫ್‌ಸಿ ಜಾಗಕ್ಕೆ ಕೊನೆಗೆ ಬಂದ ಎಚ್‌ಎಫ್‌ಸಿ (ಹೈಡ್ರೋಫ್ಲೋರೋಕಾರ್ಬನ್) ಗ್ಯಾಸ್‌ನಲ್ಲಿ ಕ್ಲೋರಿನ್ ಇಲ್ಲ, ಓಝೋನ್‌ಗೆ ತೊಂದರೆಯಿಲ್ಲ. ಫ್ಲೋರಿನ್ ಮಾತ್ರ ಹಾಗೇ ಉಳಿಯಿತು. ಕಿಟಕಿಗೆ ಅಡ್ಡ ನಿಲ್ಲುವ ಗುಣವೂ ಉಳಿಯಿತು.

ಅಷ್ಟರಲ್ಲಿ ರಾಮನಾಥನ್ ಬೇರೆ ಕಡೆ ಹೊರಳಿದ್ದರು. 1989ರಲ್ಲಿ ಉಪಗ್ರಹದ ಮಾಹಿತಿ ಹಿಡಿದು, ಮೋಡಗಳು ಒಟ್ಟಾರೆ ಭೂಮಿಯನ್ನು ತಂಪು ಮಾಡುತ್ತವೆ ಎಂದು ತೋರಿಸಿದರು. 1999ರಲ್ಲಿ ವಾತಾವರಣ ವಿಜ್ಞಾನಿ ಪಾಲ್ ಕ್ರುಟ್ಜೆನ್ ಜೊತೆ ಹಿಂದೂ ಮಹಾಸಾಗರದ ಮೇಲೆ ಹಬ್ಬಿದ್ದ ಕಂದು ಹೊಗೆಯನ್ನು ಅಳೆದರು. ಅದೇ ಒಂದು ದೊಡ್ಡ ಕಥೆ.

ಎಚ್‌ಎಫ್‌ಸಿಗೆ ಲಗಾಮು ಬಿದ್ದದ್ದು 2016ರ ಅಕ್ಟೋಬರ್‌ನಲ್ಲಿ, ರುವಾಂಡದ ಕಿಗಾಲಿಯಲ್ಲಿ. ಅಲ್ಲಿ ಆದ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿತು. ನಮ್ಮಲ್ಲಿ 2028ರಿಂದ ಬಳಕೆ ಹೆಚ್ಚುವಂತಿಲ್ಲ, 2047ರ ಹೊತ್ತಿಗೆ 85% ಇಳಿಯಬೇಕು. ಹೊಸ ಎಸಿಗಳ ಸ್ಟಿಕರ್ ಮೇಲೆ ಆರ್-32 ಅಂತ ಇರುತ್ತದಲ್ಲ, ಅದೂ ಎಚ್‌ಎಫ್‌ಸಿಯೇ. 100 ವರ್ಷದ ಲೆಕ್ಕದಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 675 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ. ಅದಕ್ಕೂ ಹಿಂದಿನ ಆರ್-410ಎ ಸುಮಾರು 2,088 ಪಟ್ಟು. ರಿಪೇರಿಗೆ ಬಂದವರು ಹಳೇ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಳ್ಳುತ್ತಾರಾ, ಇಲ್ಲ ವಾಲ್ವ್ ಬಿಚ್ಚಿ ಗಾಳಿಗೆ ಬಿಡುತ್ತಾರಾ ಅಂತ ಒಮ್ಮೆ ಕೇಳಿ ನೋಡಿ.