ಗೋಮಾಕ್ಕೆ ಹೋಗಿ ಜ್ವಾಲಾಮುಖಿ ಹತ್ತಬಹುದಾ?

ಪ್ರಶ್ನೆ: ರುವಾಂಡಾ ಪ್ರವಾಸಕ್ಕೆ ಹೊರಟಿದ್ದೇವೆ. ಹಾಗೇ ಗಡಿ ದಾಟಿ, ಕಾಂಗೋದ ಗೋಮಾ ಊರು ನೋಡಿ, ನ್ಯಿರಗೊಂಗೊ ಜ್ವಾಲಾಮುಖಿ ಹತ್ತಿ ಬರಬಹುದಾ?

ಈಗ ಬೇಡ. 2025ರ ಜನವರಿ ಕೊನೆಯಲ್ಲಿ ಎಂ23 ಬಂಡುಕೋರರು ಗೋಮಾವನ್ನು ವಶಪಡಿಸಿಕೊಂಡರು. ಆಗ ಸಿಡಿದ ಗುಂಡು, ಶೆಲ್ಲುಗಳು ಗಡಿಯಾಚೆಗೂ ಬಿದ್ದು ರುವಾಂಡಾದಲ್ಲಿ ಜನ ಸತ್ತರು. ಅಲ್ಲಿ ಏನಾದರೂ ಆದರೆ ನೆರವಿಗೆ ಬರುವವರು ಕಡಿಮೆ. ಯುದ್ಧದ ಜಾಗಕ್ಕೆ ಎಷ್ಟೋ ಟ್ರಾವೆಲ್ ಇನ್ಶೂರೆನ್ಸ್ ಕೂಡ ಅನ್ವಯಿಸುವುದಿಲ್ಲ. "ಬೆಳಿಗ್ಗೆ ಹೋಗಿ ಸಂಜೆ ವಾಪಸ್" ಅಂತ ಯಾರೇ ಕರೆದರೂ ಒಪ್ಪಬೇಡಿ.

ನಿಮ್ಮ ಆಸೆ ಅರ್ಥವಾಗುತ್ತದೆ. 3,470 ಮೀಟರ್ ಎತ್ತರದ ಬೆಟ್ಟ, ಅದರ ಬಾಯೊಳಗೆ ಕುದಿಯುವ ಲಾವಾದ ಕೆರೆ. ಇಂಥದ್ದು ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು. ಆದರೆ ಈ ಬೆಟ್ಟದ ಲಾವಾದಲ್ಲಿ ಅದನ್ನು ಮಂದವಾಗಿಸುವ ಸಿಲಿಕಾ ತುಂಬಾ ಕಡಿಮೆ, ಹಾಗಾಗಿ ಅದು ನೀರಿನಂತೆ ಹರಿಯುತ್ತದೆ. ಅದೂ ತುದಿಯಿಂದ ಉಕ್ಕಬೇಕೆಂದಿಲ್ಲ, ಬೆಟ್ಟದ ಪಕ್ಕೆ ಬಿರಿದು ಊರಿನ ಹತ್ತಿರವೇ ಹೊರಬರಬಹುದು. 2002ರ ಜನವರಿ 17ರಂದು ಹಾಗೇ ಆಯಿತು. ಲಾವಾ ಪೇಟೆಯ ನಡುವೆ ಹಾದು ಕಿವು ಸರೋವರ ಸೇರಿತು, ವಿಮಾನ ನಿಲ್ದಾಣದ ರನ್‌ವೇಯ ಒಂದು ಭಾಗವನ್ನೂ ಮುಚ್ಚಿತು. 2021ರ ಮೇ 22ರ ರಾತ್ರಿ ಮತ್ತೆ ಉಕ್ಕಿದಾಗ ಸಾವಿರಾರು ಜನ ಹಾಸಿಗೆ, ಮಕ್ಕಳನ್ನು ಹೊತ್ತು ಗಡಿ ದಾಟಿ ಓಡಿದರು. ಅದೇ ಜನ ತಣ್ಣಗಾದ ಆ ಕಪ್ಪು ಕಲ್ಲನ್ನೇ ಒಡೆದು ಕಾಂಪೌಂಡ್ ಕಟ್ಟಿದ್ದಾರೆ, ಮನೆಗೆ ಅಡಿಪಾಯ ಹಾಕಿದ್ದಾರೆ. ಅವರ ಗಟ್ಟಿತನ ನೋಡಿದರೆ ನನಗೆ ಕೈ ಮುಗಿಯಬೇಕೆನಿಸುತ್ತದೆ.

ಹಾಗಾದರೆ ಬೆಟ್ಟ ನೋಡೋದು ಹೇಗೆ? ಗೋಮಾಕ್ಕೆ ಅಂಟಿಕೊಂಡೇ ರುವಾಂಡಾದ ಗಿಸೆನ್ಯಿ ಇದೆ. ಎರಡೂ ಒಂದೇ ಊರಿನ ಎರಡು ಬೀದಿಗಳಂತೆ, ನಡುವೆ ಗಡಿ ಅಷ್ಟೇ. ಕಿಗಾಲಿಯಿಂದ ಬಸ್ಸಿನಲ್ಲಿ ಮೂರು-ನಾಲ್ಕು ಗಂಟೆ. ಮೋಡವಿಲ್ಲದ ಬೆಳಿಗ್ಗೆ ಬೆಟ್ಟ ಪೂರ್ತಿ ಕಾಣುತ್ತದೆ. ಬಾಯೊಳಗೆ ಲಾವಾ ಇದ್ದರೆ ರಾತ್ರಿ ಮೋಡದ ಹೊಟ್ಟೆ ಕೆಂಪಾಗಿ ಹೊಳೆಯುತ್ತದೆ. ಜೂನ್‌ನಿಂದ ಆಗಸ್ಟ್ ಒಳ್ಳೆಯ ಕಾಲ, ಮಳೆ ಕಡಿಮೆ. ಆದರೂ ಹೊರಡುವ ಮುಂಚೆ ಕಿಗಾಲಿಯ ಭಾರತೀಯ ಹೈಕಮಿಷನ್ ಏನು ಹೇಳುತ್ತಿದೆ ನೋಡಿಕೊಳ್ಳಿ. ಅವರು ಬೇಡ ಅಂದರೆ ಗಿಸೆನ್ಯಿಯೂ ಬೇಡ.

ಗಡಿ ಚೌಕಿ, ಪೊಲೀಸರು, ಸೈನಿಕರ ಫೋಟೊ ತೆಗೆಯಲೇಬೇಡಿ. ಕಿವು ಸರೋವರದ ತಳದಲ್ಲಿ ಮೀಥೇನ್, ಕಾರ್ಬನ್ ಡೈ ಆಕ್ಸೈಡ್ ಜಾಸ್ತಿ ಕರಗಿದೆ, ದಡದ ಕೆಲವು ತಗ್ಗುಗಳಲ್ಲಿ ವಿಷಗಾಳಿ ನಿಲ್ಲುತ್ತದೆ. ಸ್ಥಳೀಯರು ಇಳಿಯದ ಜಾಗದಲ್ಲಿ ಈಜಬೇಡಿ. ಪ್ಲಾಸ್ಟಿಕ್ ಕವರ್ ರುವಾಂಡಾದಲ್ಲಿ 2008ರಿಂದ ನಿಷೇಧ. ಬ್ಯಾಗಿನಲ್ಲಿದ್ದರೆ ತೆಗೆದಿಟ್ಟು ಹೊರಡಿ.

ಪಕ್ಕದ ಉಗಾಂಡಾವನ್ನೂ ಸೇರಿಸಿಕೊಂಡರೆ ಹಳದಿ ಜ್ವರದ ಲಸಿಕೆ ಬೇಕೇ ಬೇಕು. ಸರ್ಕಾರ ಅನುಮತಿ ಕೊಟ್ಟ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿ, ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಅದಿಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಕ್ವಾರಂಟೈನ್‌ಗೆ ಕಳಿಸುತ್ತಾರೆ.