ರೋಲ್ ಮುಗಿಯೋಕೆ ಮುಂಚೆ ಹೇಳಬೇಕು

“ಸಾರ್, ಈ ಕೆಂಪು ಲೈಟ್ ಯಾವಾಗ ಹತ್ತುತ್ತೆ?”

“ಪೇಪರ್ ಮುಗಿದಾಗ, ಅಕ್ಕ.”

“ಮುಗಿದಿದ್ದು ನಂಗೆ ಹೆಂಗಿದ್ರೂ ಗೊತ್ತಾಗುತ್ತಲ್ಲ ಸಾರ್, ಸೂಪರ್‌ವೈಸರ್ ಫೋನ್ ಮಾಡಿ ಬೈತಾರೆ. ಮುಗಿಯೋಕೆ ಮುಂಚೆ ಹೇಳಕ್ಕಾಗಲ್ವಾ?”

ಬೆಂಗಳೂರಿನ ಔಟರ್ ರಿಂಗ್ ರೋಡ್‌ನ ಒಂದು ಆಫೀಸ್ ಕಟ್ಟಡ. ಆರನೇ ಮಹಡಿಯ ಗಂಡಸರ ವಾಶ್‌ರೂಮ್. ಗೋಡೆಯ ಮೇಲಿನ ಪೇಪರ್ ಟವೆಲ್ ಡಬ್ಬದ ಮುಚ್ಚಳ ತೆಗೆದು ನಾನು ಒಳಗಿನ ಬೋರ್ಡ್ ನೋಡುತ್ತಿದ್ದೆ. ಹೌಸ್‌ಕೀಪಿಂಗ್ ಅಕ್ಕ ಬಕೆಟ್, ಮಾಪು ಹಿಡಿದು ಬಾಗಿಲ ಹೊರಗೇ ನಿಂತಿದ್ದರು. ಪೀಣ್ಯದಲ್ಲಿ ಇಂಥ ಸಣ್ಣ ಯಂತ್ರಗಳಿಗೆ ಎಲೆಕ್ಟ್ರಾನಿಕ್ ಬೋರ್ಡ್ ಮಾಡಿಕೊಡುವುದು ನನ್ನ ಕೆಲಸ. ಆ ಡಬ್ಬದ ಬೋರ್ಡ್ ನಾವು ಮಾಡಿದ್ದೇ. ಸೆನ್ಸರ್ ಕೆಟ್ಟಿರಲಿಲ್ಲ. ಆದರೆ ಆ ಅಕ್ಕನಿಗೆ ಅದರಿಂದ ಒಂದು ಪೈಸೆ ಉಪಯೋಗವೂ ಆಗುತ್ತಿರಲಿಲ್ಲ.

ಅವರ ಪಾಲಿಗೆ ನಾಲ್ಕು ಮಹಡಿ. ಮಹಡಿಗೆ ಎರಡು ವಾಶ್‌ರೂಮ್, ಒಂದೊಂದರಲ್ಲಿ ಎರಡು ಡಬ್ಬ. ಒಟ್ಟು 16. ಪ್ರತಿಯೊಂದಕ್ಕೂ ಬೀಗ. ಒಳಗೆ ಎಷ್ಟು ಪೇಪರ್ ಇದೆ ಅಂತ ನೋಡಬೇಕಾದರೆ ಬೀಗ ತೆಗೆದೇ ನೋಡಬೇಕು. ಎರಡು ಗಂಟೆಗೊಂದು ರೌಂಡ್. ಈ ರೌಂಡ್‌ಗೂ ಮುಂದಿನ ರೌಂಡ್‌ಗೂ ನಡುವೆ ರೋಲ್ ಖಾಲಿಯಾದರೆ ಒದ್ದೆ ಕೈಯಲ್ಲಿ ನಿಂತವರು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ, ಆಮೇಲೆ ಕಂಪ್ಲೇಂಟ್ ಬರೆಯುತ್ತಾರೆ. ಬೈಗುಳ ಬೀಳುವುದು ಅಕ್ಕನಿಗೆ. ಹಾಗಾಗಿ ಅವರು ಏನು ಮಾಡುತ್ತಾರೆ? ರೋಲ್ ಸ್ವಲ್ಪ ಸಣ್ಣಗಾದ ಹಾಗೆ ಕಂಡರೆ ಸಾಕು, ತೆಗೆದು ಹೊಸದು ಹಾಕಿಬಿಡುತ್ತಾರೆ. ಆ ಕಟ್ಟಡದ ಸ್ಟೋರ್ ರೂಮಿನಲ್ಲಿ ಹೀಗೆ ತೆಗೆದಿಟ್ಟ ಅರ್ಧಂಬರ್ಧ ರೋಲುಗಳ ಮೂಟೆಯನ್ನೇ ನೋಡಿದೆ. ಅದು ಅವರ ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಸರಿಯಾದ ಹೊತ್ತಿಗೆ ಹೇಳುವವರು ಯಾರೂ ಇಲ್ಲದಾಗ ಯಾರೇ ಆದರೂ ಹಾಗೇ ಮಾಡುತ್ತಾರೆ, ಅಲ್ವಾ?

ಇದಕ್ಕೆ ಒಂದು ಹಳೇ ಉಪಾಯ ನಿಮ್ಮ ಜೇಬಿನಲ್ಲೇ ಇರಬಹುದು. ಅಂಗಡಿಯಲ್ಲಿ ಕೊಡುವ ಬಿಲ್ ಅಂಚಿನಲ್ಲಿ ಒಮ್ಮೊಮ್ಮೆ ಗುಲಾಬಿ ಗೆರೆ ಬಂದಿರುತ್ತದೆ. ರೋಲ್ ಮುಗಿಯುತ್ತಾ ಬಂತು ಅಂತ ಅದರ ಅರ್ಥ. ಬಿಲ್ ಹರಿದುಕೊಡುವವರ ಕಣ್ಣಿಗೇ ಗೆರೆ ಬೀಳುತ್ತದೆ, ಹೊಸ ರೋಲ್ ಅವರ ಪಕ್ಕದಲ್ಲೇ ಇರುತ್ತದೆ. ಹಾಗಾಗಿ ಅಲ್ಲಿ ಸೆನ್ಸರ್ ಇಲ್ಲದೆಯೂ ಕೆಲಸ ನಡೆಯುತ್ತದೆ. ಟವೆಲ್ ರೋಲ್‌ಗೂ ಇದೇ ಗೆರೆ ಹಾಕಬಹುದಲ್ಲ ಅಂತ ಗ್ರಾಹಕರು ಕೇಳುತ್ತಾರೆ. ಹಾಕಬಹುದು. ಆದರೆ ಆ ಗೆರೆ ಕಾಣುವುದು ಕೈ ಒರೆಸಿಕೊಂಡು ಹೋಗುವವರಿಗೆ. ಅವರು ಅದನ್ನು ಮುದುರಿ ಬುಟ್ಟಿಗೆ ಹಾಕಿ ಹೋಗುತ್ತಾರೆ. ರೋಲ್ ಬದಲಿಸುವವರು ಆಗ ಇನ್ನೊಂದು ಮಹಡಿಯಲ್ಲಿರುತ್ತಾರೆ.

ಸರಿ, ‘ಮುಗಿಯುತ್ತಾ ಬಂತು’ ಅನ್ನುವುದನ್ನು ಯಂತ್ರಕ್ಕೆ ತಿಳಿಸುವುದು ಹೇಗೆ? ಇಲ್ಲಿ ಮೊದಲು ರೋಲ್‌ನ ಲೆಕ್ಕ ತಿಳಿಯಬೇಕು. ಅದು ಕಣ್ಣಿಗೆ ಮೋಸ ಮಾಡುವ ಲೆಕ್ಕ.

ಕೆ.ಆರ್. ಮಾರ್ಕೆಟ್‌ನಲ್ಲಿ ಬುಟ್ಟಿಯೊಳಗೆ ಸುತ್ತಿಟ್ಟ ಮಲ್ಲಿಗೆ ಹೂವು ನೋಡಿದ್ದೀರಲ್ಲ. ಹೊರಗಿನ ಒಂದು ಸುತ್ತು ಬಿಚ್ಚಿದರೆ ಮೊಳಗಟ್ಟಲೆ ಬರುತ್ತದೆ. ಒಳಗಿನ ಸುತ್ತು ಬಿಚ್ಚಿದರೆ ಗೇಣು ಸಿಕ್ಕರೆ ಹೆಚ್ಚು. ಪೇಪರ್ ರೋಲೂ ಹಾಗೇ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೊರ ವ್ಯಾಸ 20 ಸೆಂ.ಮೀ., ಒಳಗಿನ ರಟ್ಟಿನ ಕೊಳವೆಯ ವ್ಯಾಸ 5 ಸೆಂ.ಮೀ., ಪೇಪರ್ ದಪ್ಪ 0.15 ಮಿ.ಮೀ. ರೋಲ್‌ನ ಪಕ್ಕದಲ್ಲಿ ಉಂಗುರದ ಹಾಗೆ ಕಾಣುವ ಭಾಗದ ವಿಸ್ತೀರ್ಣವನ್ನು ಪೇಪರ್ ದಪ್ಪದಿಂದ ಭಾಗಿಸಿದರೆ ಉದ್ದ ಸಿಗುತ್ತದೆ. ಇಲ್ಲಿ ಸುಮಾರು 196 ಮೀಟರ್. ಒಂದು ಸಲಕ್ಕೆ 25 ಸೆಂ.ಮೀ. ಅಂದರೆ 785 ಹಾಳೆ.

ಈಗ ವ್ಯಾಸ ಅರ್ಧಕ್ಕೆ ಇಳಿಯಲಿ, 10 ಸೆಂ.ಮೀ. ನೋಡಿದವರು ‘ಅರ್ಧ ಇದೆ’ ಅನ್ನುತ್ತಾರೆ. ಲೆಕ್ಕ ಹಾಕಿದರೆ ಉಳಿದಿರುವುದು 39 ಮೀಟರ್, ಐದನೇ ಒಂದು ಪಾಲು ಅಷ್ಟೇ. ಕೊಳವೆಯ ಮೇಲೆ ಪೇಪರ್ ಅರ್ಧ ಸೆಂ.ಮೀ. ಉಳಿದಾಗ 23 ಹಾಳೆ ಇರುತ್ತದೆ. ಆದರೆ ಹೆಬ್ಬೆರಳಿನಷ್ಟು, ಅಂದರೆ 2 ಸೆಂ.ಮೀ. ಇದ್ದರೆ 117 ಹಾಳೆ. ಈ ಎರಡೂ ಬೀಗ ತೆಗೆದು ಅವಸರದಲ್ಲಿ ನೋಡುವ ಕಣ್ಣಿಗೆ ‘ಸ್ವಲ್ಪ ಇದೆ’ ಅಂತಲೇ ಕಾಣುತ್ತವೆ. ಸ್ಟೋರ್ ರೂಮಿನ ಆ ಮೂಟೆ ತುಂಬಿದ್ದು ಹೀಗೆ.

ಈ ವ್ಯತ್ಯಾಸ ಹಿಡಿಯಲು ಹಳೇ ಡಬ್ಬಗಳಲ್ಲಿ ರೋಲ್ ಮೇಲೆ ಒರಗಿಕೊಂಡ ಒಂದು ಸನ್ನೆ, ಅಂದರೆ ಲಿವರ್ ಕಡ್ಡಿ ಇರುತ್ತಿತ್ತು. ರೋಲ್ ಕರಗಿದಂತೆ ಅದು ಕೆಳಗಿಳಿದು ಕೊನೆಗೆ ಒಂದು ಸ್ವಿಚ್ ಒತ್ತುತ್ತದೆ. ಒಳ್ಳೆಯ ಉಪಾಯವೇ. ಆದರೆ ರೋಲ್ ಹಾಕುವಾಗ ಆ ಸನ್ನೆಯನ್ನು ಎತ್ತಿ ಹಿಡಿಯಬೇಕು. ಅವಸರದಲ್ಲಿ ಬಾಗುತ್ತದೆ, ಸ್ಪ್ರಿಂಗ್ ಸೋಲುತ್ತದೆ. ಪೇಪರ್ ಎಳೆದುಕೊಡುವ ಮೋಟಾರ್ ಎಷ್ಟು ಕರೆಂಟ್ ತಿನ್ನುತ್ತದೆ ಅಂತ ಅಳೆದು ಪೇಪರ್ ಇದೆಯೋ ಇಲ್ಲವೋ ಹೇಳುವವರೂ ಇದ್ದಾರೆ. ಸೆಲ್ ಹಳೆಯದಾದಂತೆ ಆ ಅಂಕಿಯೂ ಬದಲಾಗುತ್ತದೆ. ನಾನು ಅದನ್ನು ನಂಬುವುದಿಲ್ಲ.

ನಾವು ಮೊದಲು ಹಿಡಿದಿದ್ದು ಇನ್ಫ್ರಾರೆಡ್ ದಾರಿ. ಎಸ್.ಪಿ. ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೈಗೆಟುಕುವ ಬೆಲೆಗೆ ಸಿಗುವ ಸೆನ್ಸರ್. ಅದರಲ್ಲಿ ಕಣ್ಣಿಗೆ ಕಾಣದ ಬೆಳಕು ಬಿಡುವ ಎಲ್‌ಇಡಿ ಒಂದು, ತಿರುಗಿ ಬಂದ ಬೆಳಕು ಹಿಡಿಯುವ ಭಾಗ ಒಂದು. ಬಿಳಿ ಪೇಪರ್ ಇದ್ದರೆ ಬೆಳಕು ಜೋರಾಗಿ ವಾಪಸ್ ಬರಬೇಕು. ಪೇಪರ್ ಮುಗಿದು ಕಂದು ರಟ್ಟು ಕಂಡರೆ ಕಡಿಮೆಯಾಗಬೇಕು. ಹಾಗಂದುಕೊಂಡಿದ್ದೆವು. ಮೇಜಿನ ಮೇಲೆ ಇಟ್ಟು ನೋಡಿದರೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಅಂಕಿ! ಸೆನ್ಸರ್ ಬದಲಿಸಿದೆವು, ಅದೇ ಕಥೆ. ಕೊಳವೆಯ ಮೇಲೆ ಕಪ್ಪು ಮಾರ್ಕರ್‌ನಿಂದ ಗಟ್ಟಿಯಾಗಿ ಪಟ್ಟಿ ಎಳೆದೆ. ನಮ್ಮ ಕಣ್ಣಿಗೆ ಇದ್ದಿಲಿನ ಹಾಗೆ ಕಪ್ಪು. ಸೆನ್ಸರ್‌ಗೆ ಅದು ಬಿಳಿ ಪೇಪರ್ರೇ.

ಕಾರಣ ಬೆಳಕಿನಲ್ಲೇ ಇದೆ. ನಮ್ಮ ಕಣ್ಣು ಸುಮಾರು 700 ನ್ಯಾನೋಮೀಟರ್ ತರಂಗಾಂತರದವರೆಗಿನ ಬೆಳಕನ್ನು ನೋಡುತ್ತದೆ. ಈ ಸೆನ್ಸರ್ ನೋಡುವುದು 940ರ ಹತ್ತಿರ. ರಟ್ಟಿಗೆ ಕಂದು ಬಣ್ಣ ಕೊಡುವ ಪದಾರ್ಥ ನೀಲಿ, ಹಸಿರು ಬೆಳಕನ್ನು ನುಂಗುತ್ತದೆ, ಇನ್ಫ್ರಾರೆಡ್ ಅನ್ನು ಸುಮ್ನೆ ಬಿಟ್ಟುಬಿಡುತ್ತದೆ. ಎಷ್ಟೋ ಮಾರ್ಕರ್‌ಗಳ ಕಪ್ಪು ಬಣ್ಣವೂ ಹಾಗೇ. ಇಂಗಾಲದ ಪುಡಿ ಇರುವ ಕಪ್ಪು ಮಾತ್ರ ಎರಡು ಬೆಳಕನ್ನೂ ನುಂಗುತ್ತದೆ. ಅವತ್ತು ಪೆನ್ಸಿಲ್ ತೆಗೆದುಕೊಂಡು ರಟ್ಟಿನ ಮೇಲೆ ಉಜ್ಜಿದೆ. ಅಂಕಿ ದಬಕ್ಕನೆ ಬಿತ್ತು. ಹೊಸ ಹುಡುಗರು ಕೆಲಸಕ್ಕೆ ಸೇರಿದರೆ ಇವತ್ತಿಗೂ ಮೊದಲ ವಾರ ಇದನ್ನೇ ಮಾಡಿಸುತ್ತೇನೆ. ಕಣ್ಣಿಗೆ ಕಂಡ ಬಣ್ಣ ನಂಬಬೇಡಿ, ಅಳೆದು ನೋಡಿ ಅಂತ ನೂರು ಸಲ ಹೇಳುವುದಕ್ಕಿಂತ ಒಂದು ಪೆನ್ಸಿಲ್, ಒಂದು ಮಾರ್ಕರ್ ಸಾಕು.

ಕೊಳವೆಗೆ ಇಂಗಾಲದ ಕಪ್ಪು ಬಳಿಸಬಹುದಿತ್ತು. ಆದರೆ ಕಟ್ಟಡದವರು ಈ ತಿಂಗಳು ಒಬ್ಬರ ಹತ್ತಿರ, ಮುಂದಿನ ತಿಂಗಳು ಇನ್ನೊಬ್ಬರ ಹತ್ತಿರ ರೋಲ್ ತರಿಸುತ್ತಾರೆ. ಎಲ್ಲರಿಗೂ ಹೋಗಿ ಹೇಳಲು ಆಗುವುದಿಲ್ಲ. ಬಿಲ್ ಪ್ರಿಂಟರ್‌ಗಳಲ್ಲಿ ಇರುವ ಹಾಗೆ ರೋಲ್‌ನ ಪಕ್ಕದಿಂದ ನೋಡುವ ಸೆನ್ಸರ್ ಇಟ್ಟರೆ ಸ್ವಲ್ಪ ವಾಸಿ. ಪೇಪರ್ ದಪ್ಪಗಿದ್ದಷ್ಟು ಹೊತ್ತು ಅದರ ಅಂಚು ಎದುರಿಗಿರುತ್ತದೆ, ಕರಗಿದ ಮೇಲೆ ಆಚೆಗಿನ ಕಪ್ಪು ಗೋಡೆ ಕಾಣುತ್ತದೆ. ಆದರೂ ಒಂದು ತೊಂದರೆ ಉಳಿಯಿತು. ಧೂಳು. ಟವೆಲ್ ಪೇಪರ್ ಹರಿದಾಗಲೆಲ್ಲ ಹತ್ತಿಯಂಥ ನುಣ್ಣನೆ ಪುಡಿ ಉದುರುತ್ತದೆ. ಆರು ತಿಂಗಳು ಗೋಡೆಯ ಮೇಲಿದ್ದ ಡಬ್ಬ ಬಿಚ್ಚಿದರೆ ಸೆನ್ಸರ್ ಮೇಲೆ ಬೂದಿ ಬಣ್ಣದ ಪದರ. ವಾಶ್‌ರೂಮಿನ ತೇವಕ್ಕೆ ಅದು ಅಂಟಿಕೊಂಡಿರುತ್ತದೆ, ಊದಿದರೂ ಹೋಗುವುದಿಲ್ಲ. ಆ ಪದರಕ್ಕೇ ಬೆಳಕು ಬಡಿದು ವಾಪಸ್ ಬರುತ್ತದೆ. ರೋಲ್ ಇಲ್ಲದಿದ್ದರೂ ಸೆನ್ಸರ್ ‘ಇದೆ’ ಅನ್ನುತ್ತದೆ.

ಕೊನೆಗೆ ಬೆಳಕನ್ನೇ ಬಿಟ್ಟೆವು. ಈಗ ರೋಲ್ ತಿರುಗುವುದನ್ನು ಎಣಿಸುತ್ತೇವೆ.

ಮೋಟಾರ್ ಒಂದು ಸಲಕ್ಕೆ ಎಳೆಯುವುದು ಯಾವಾಗಲೂ 25 ಸೆಂ.ಮೀ. ರೋಲ್ ತುಂಬಿದ್ದಾಗ ಒಂದು ಸುತ್ತಿಗೆ 63 ಸೆಂ.ಮೀ. ಪೇಪರ್ ಬರುತ್ತದೆ. ಅಂದರೆ ಒಂದು ಹಾಳೆಗೆ ರೋಲ್ ಅರ್ಧ ಸುತ್ತೂ ತಿರುಗುವುದಿಲ್ಲ. ಮುಗಿಯುವ ಹೊತ್ತಿಗೆ ಒಂದು ಸುತ್ತಿಗೆ 20 ಸೆಂ.ಮೀ. ಕೂಡ ಬರುವುದಿಲ್ಲ. ಅದೇ ಹಾಳೆಗೆ ಒಂದು ಸುತ್ತು ದಾಟಿ ತಿರುಗಬೇಕು. ಹೂವು ಅಳೆಯುವಾಗ ಕೊನೆಕೊನೆಗೆ ಸುರುಳಿ ಬುಟ್ಟಿಯಲ್ಲಿ ಗಿರಗಿರ ತಿರುಗುವ ಹಾಗೆ. ಎಷ್ಟು ತಿರುಗಿತು ಅಂತ ಗೊತ್ತಾದರೆ ರೋಲ್ ಎಷ್ಟು ದಪ್ಪ ಇದೆ ಅಂತ ಗೊತ್ತಾದ ಹಾಗೆ.

ರೋಲ್ ಕೂರುವ ತಿರುಗಣೆಯ ಅಂಚಿಗೆ 8 ಪುಟ್ಟ ಅಯಸ್ಕಾಂತ ಅಂಟಿಸಿದೆವು. ಎದುರಿಗೆ ಒಂದು ಹಾಲ್ ಸೆನ್ಸರ್. ಎಡ್ವಿನ್ ಹಾಲ್ ಅನ್ನುವ ವಿಜ್ಞಾನಿ 1879ರಲ್ಲಿ ಕಂಡುಹಿಡಿದ ಗುಣದ ಮೇಲೆ ನಡೆಯುವ ಸೆನ್ಸರ್ ಇದು. ಅಯಸ್ಕಾಂತ ಎದುರಿಗೆ ಬಂದಾಗಲೆಲ್ಲ ಒಂದು ಪಲ್ಸ್, ಅಂದರೆ ಕರೆಂಟಿನ ಒಂದು ಪುಟ್ಟ ಮಿಡಿತ ಕೊಡುತ್ತದೆ. ಧೂಳು, ತೇವ, ಬಣ್ಣ ಯಾವುದೂ ಇದಕ್ಕೆ ಲೆಕ್ಕಕ್ಕಿಲ್ಲ. ತುಂಬಿದ ರೋಲ್‌ನಲ್ಲಿ ಹತ್ತು ಹಾಳೆಗೆ ಸುಮಾರು 32 ಪಲ್ಸ್. ಪೇಪರ್ 1 ಸೆಂ.ಮೀ. ದಪ್ಪ ಉಳಿದಾಗ ಅದೇ ಹತ್ತು ಹಾಳೆಗೆ 91. ಒಂದೊಂದೇ ಹಾಳೆ ನೋಡದೆ ಹತ್ತರ ಮೊತ್ತ ನೋಡುವುದಕ್ಕೆ ಕಾರಣ ಇದೆ. ಯಾರಾದರೂ ಜೋರಾಗಿ ಜಗ್ಗಿದರೆ ರೋಲ್ ಓಡಿ ಒಂದೆರಡು ಪಲ್ಸ್ ಜಾಸ್ತಿ ಬರುತ್ತದೆ. ಹತ್ತರಲ್ಲಿ ಅದು ಮುಚ್ಚಿಹೋಗುತ್ತದೆ. ತಿರುಗಣೆಗೆ ಒಂದು ಸಣ್ಣ ಬ್ರೇಕ್ ಪಟ್ಟಿಯನ್ನೂ ಒತ್ತಿ ಕೂರಿಸಿದ್ದೇವೆ.

ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಮೋಟಾರ್ ಓಡಿ, ರೋಲ್ ತಿರುಗದಿದ್ದರೆ ಎರಡರಲ್ಲಿ ಒಂದು: ಪೇಪರ್ ಸಿಕ್ಕಿಕೊಂಡಿದೆ, ಇಲ್ಲ ಮುಗಿದಿದೆ. ಕೊನೆಯ ಸಲ ರೋಲ್ ದಪ್ಪ ಇತ್ತು ಅಂದರೆ ಸಿಕ್ಕಿಕೊಂಡಿದೆ. ತೆಳ್ಳಗಿತ್ತು ಅಂದರೆ ಮುಗಿದಿದೆ. ಬೇರೆ ಬೇರೆ ಕಂಪನಿಯ ಕೊಳವೆ ಬೇರೆ ಬೇರೆ ಗಾತ್ರ ಇರುತ್ತದಲ್ಲ ಅಂತ ನೀವು ಕೇಳಬಹುದು. ಹಿಂದಿನ ರೋಲ್ ಎಷ್ಟು ಪಲ್ಸ್‌ಗೆ ಮುಗಿಯಿತು ಅನ್ನುವುದನ್ನು ಬೋರ್ಡ್ ನೆನಪಿಟ್ಟುಕೊಂಡು ಮುಂದಿನದಕ್ಕೆ ಸರಿಮಾಡಿಕೊಳ್ಳುತ್ತದೆ. ಹೊಸ ಕಂಪನಿಯ ಮೊದಲ ರೋಲ್‌ಗೆ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಎರಡನೆಯದಕ್ಕೆ ಸರಿಹೋಗುತ್ತದೆ.

ಕರೆಂಟಿನ ವಿಷಯ ಒಂದೇ ಮಾತಲ್ಲಿ ಹೇಳುತ್ತೇನೆ. ಇವು ದೊಡ್ಡ ಟಾರ್ಚ್ ಸೆಲ್ ಮೇಲೆ ನಡೆಯುವ ಡಬ್ಬಗಳು. 12 ಆಂಪಿಯರ್-ಅವರ್ ಸೆಲ್ ಮೇಲೆ 20 ಮಿಲಿಆಂಪಿಯರ್‌ನ ಎಲ್‌ಇಡಿ ಒಂದನ್ನು ಸದಾ ಉರಿಸಿದರೆ 600 ಗಂಟೆ, ಅಂದರೆ 25 ದಿನಕ್ಕೆ ಸೆಲ್ ಖಾಲಿ. ಅದಕ್ಕೇ ಮೋಟಾರ್ ಓಡುವಾಗ ಮಾತ್ರ ಸೆನ್ಸರ್‌ಗೆ ಕರೆಂಟ್ ಕೊಡುತ್ತೇವೆ. ಲೈಟನ್ನೂ ಮೂರು ಸೆಕೆಂಡಿಗೊಮ್ಮೆ ಚಕ್ಕನೆ ಮಿಂಚಿಸುತ್ತೇವೆ ಅಷ್ಟೇ.

ಹಾಗಾದರೆ ಮುಗಿಯುವ ಮುಂಚೆ ಹೇಳಲು ಹೊಸದಾಗಿ ಇಟ್ಟ ಹಳದಿ ಲೈಟ್ ಯಾವಾಗ ಹತ್ತಬೇಕು? 1 ಸೆಂ.ಮೀ. ಉಳಿದಾಗ ಅಂತ ಮೊದಲು ಇಟ್ಟೆವು. ಅಂದರೆ ಇನ್ನೂ 50 ಹಾಳೆ. ಬೆಳಗ್ಗೆ ಹತ್ತೂವರೆಗೆ ಅದು ಧಾರಾಳ. ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಒಟ್ಟಿಗೆ ಕೈ ತೊಳೆಯಲು ಬಂದಾಗ 50 ಹಾಳೆ ಯಾವ ಮೂಲೆಗೂ ಸಾಲದು. ಅಕ್ಕನ ರೌಂಡ್ ಎರಡು ಗಂಟೆಗೊಂದು. ಆದ್ದರಿಂದ ಮಿಲಿಮೀಟರ್ ಬಿಟ್ಟು ಅವರ ರೌಂಡನ್ನೇ ಅಳತೆಗೋಲು ಮಾಡಿಕೊಂಡೆವು. ಹಿಂದಿನ ಒಂದು ಗಂಟೆಯಲ್ಲಿ ಎಷ್ಟು ಹಾಳೆ ಹೋಯಿತು ಅಂತ ಬೋರ್ಡ್ ಎಣಿಸುತ್ತದೆ. ಉಳಿದಿರುವುದು ಅದರ ಎರಡರಷ್ಟಕ್ಕಿಂತ ಕಡಿಮೆಯಾದರೆ ಲೈಟ್ ಮಿಂಚಲು ಶುರು. ಜನ ಕಡಿಮೆ ಇದ್ದಾಗಲೂ 50ಕ್ಕಿಂತ ಕೆಳಗೆ ಕಾಯುವುದಿಲ್ಲ. ತೆಗೆದ ತುಂಡು ರೋಲ್ ವ್ಯರ್ಥವಾಗದ ಹಾಗೆ ಡಬ್ಬದ ಕೆಳಗೆ ಅದಕ್ಕೊಂದು ಜಾಗ ಇದೆ. ಅದು ಮುಗಿದ ಮೇಲೆ ಮೇಲಿನ ಹೊಸ ರೋಲ್ ಶುರುವಾಗುತ್ತದೆ.

ಇಷ್ಟೆಲ್ಲ ಮಾಡಿ ಅಕ್ಕನಿಗೆ ತೋರಿಸಿದಾಗ ಅವರು ಲೈಟ್ ಇರುವ ಜಾಗ ನೋಡಿದರು. ಡಬ್ಬದ ಮುಂಭಾಗದಲ್ಲಿ, ಬೇಸಿನ್ ಕಡೆಗೆ.

“ಸಾರ್, ಇದು ಗಂಡಸರದ್ದು. ‘ಯಾರಾದ್ರೂ ಇದೀರಾ’ ಅಂತ ಕೂಗಿ, ಎಲ್ಲಾ ಆಚೆ ಬರೋವರೆಗೂ ಕಾದು ಒಳಗೆ ಹೋಗ್ಬೇಕು ನಾನು. ಲೈಟ್ ನೋಡೋಕೂ ಅಷ್ಟೇ ಕಾಯ್ಬೇಕಾ?”

ಮೊದಲ ದಿನ ಅವರು ಬಾಗಿಲ ಹೊರಗೇ ನಿಂತು ಮಾತಾಡಿದ್ದು ಆಗ ನೆನಪಾಯಿತು. ಲೈಟನ್ನು ಡಬ್ಬದ ಕೆಳಗಿನ ಮೂಲೆಗೆ, ಬಾಗಿಲಿಗೆ ಮುಖ ಮಾಡಿ ಇಟ್ಟೆವು. ಬಾಗಿಲು ಎಡಕ್ಕಿದೆಯೋ ಬಲಕ್ಕಿದೆಯೋ ಮೊದಲೇ ಗೊತ್ತಾಗುವುದಿಲ್ಲ ಅಂತ ಎರಡೂ ಮೂಲೆಗೆ ಒಂದೊಂದು. ಮುಂದಿನ ತಿಂಗಳು ಸೆಲ್ ನೋಡಲು ಹೋದಾಗ ಅವರು ರೌಂಡ್‌ನಲ್ಲಿದ್ದರು. ಗಂಡಸರ ವಾಶ್‌ರೂಮಿನ ಬಾಗಿಲನ್ನು ಗೇಣಷ್ಟು ತಳ್ಳಿ, ಒಂದು ಕ್ಷಣ ನೋಡಿ, ಹಾಗೇ ಬಿಟ್ಟರು.

“ಇದ್ರಲ್ಲಿ ಇನ್ನೂ ಇದೆ ಸಾರ್” ಅಂತ ಹೇಳಿ ಟ್ರಾಲಿ ತಳ್ಳಿಕೊಂಡು ಲಿಫ್ಟ್ ಕಡೆಗೆ ಹೋದರು.